ಮೃಗ ಯಾರೆಂದು ಮೊದಲೇ ಹೇಳಬೇಡ

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆಯ ಕರಡನ್ನು ನಿಧಾನವಾಗಿ ಓದಿದೆ. ‘ಸುಂದರಿ ಮತ್ತು ಮೃಗ’ (‘ಬ್ಯೂಟಿ ಆ್ಯಂಡ್ ದ ಬೀಸ್ಟ್’), ಅಪ್ಪನಿಗಾಗಿ ಮೃಗದ ಮನೆಗೆ ಹೋಗಿ ಉಳಿಯುವ ಹುಡುಗಿಯ ಆ ಹಳೆಯ ಫ್ರೆಂಚ್ ಕಥೆಯನ್ನು ಇಂದಿನ ಕಾಲಕ್ಕೆ ತರಬೇಕೆಂಬ ನಿನ್ನ ಹಂಬಲ ನನಗೆ ಇಷ್ಟವಾಯಿತು. ಸಂಭಾಷಣೆ ನಿನಗೆ ಒಲಿದಿದೆ. ಅಪ್ಪ ಮಗಳ ದೃಶ್ಯಗಳಲ್ಲಿ ತೆಗೆದುಹಾಕಬೇಕಾದ ಒಂದು ಮಾತೂ ಸಿಗಲಿಲ್ಲ. ಆದರೆ ಮೊದಲ ಪುಟದಲ್ಲಿಯೇ ನೀನು ಕೈಗೊಂಡ ಒಂದು ನಿರ್ಧಾರ ಕೊನೆಯ ಪುಟದವರೆಗೂ ನಾಯಕಿಯ ಕೈ ಕಟ್ಟಿಹಾಕಿದೆ. ಈ ಪತ್ರದ ಬಹುಪಾಲು ಅದರ ಬಗ್ಗೆಯೇ.

ನಿನ್ನ ಚಿತ್ರ ಹಿನ್ನೆಲೆ ದನಿಯಿಂದ ಆರಂಭವಾಗುತ್ತದೆ. ಸೊಕ್ಕಿನ ರಾಜಕುಮಾರ, ಅವನನ್ನು ಮೃಗವಾಗಿಸುವ ಒಂದು ಶಾಪ, ಯಾರಾದರೂ ಮನಸಾರೆ ಪ್ರೀತಿಸಿದರೆ ವಿಮೋಚನೆ. ಇದು ಎಲ್ಲಿಂದ ಬಂದಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. 1991ರ ಡಿಸ್ನಿ ಅನಿಮೇಷನ್ ಚಿತ್ರ ಬಣ್ಣದ ಗಾಜಿನ ಕಿಟಕಿಗಳ ಮೂಲಕ ಈ ಪೂರ್ವಕಥೆಯನ್ನು ಹೇಳಿತು. ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಅನಿಮೇಷನ್ ಚಿತ್ರ ಅದು. ಅಂದಿನಿಂದ ಈ ಕಥೆ ಹೀಗೆಯೇ ಶುರುವಾಗಬೇಕು ಎಂದು ಜಗತ್ತೆಲ್ಲ ನಂಬಿಬಿಟ್ಟಿದೆ. ಹಳೆಯ ಪಠ್ಯಗಳನ್ನು ತೆರೆದು ನೋಡು. ಅಲ್ಲಿ ಶಾಪದ ಸಂಗತಿ ಹೊರಬೀಳುವುದು ಕಥೆ ಮುಗಿಯುವ ಹೊತ್ತಿಗೆ, ನಾಯಕಿ ತನ್ನ ನಿರ್ಧಾರ ಹೇಳಿಯಾದ ಮೇಲೆ.

ಫ್ರೆಂಚ್ ಲೇಖಕಿ ಮದಾಂ ದ ವಿಲ್ನವ್ 1740ರಲ್ಲಿ ಬರೆದ ದೀರ್ಘ ಕಥೆ ಮೊದಲಿನದು. ಇಂದು ನಾವೆಲ್ಲ ಬಲ್ಲ ಚಿಕ್ಕ ರೂಪವನ್ನು ಕೊಟ್ಟವರು ಮದಾಂ ಲೆಪ್ರಾನ್ಸ್ ದ ಬೊಮಾಂ, 1756ರಲ್ಲಿ. ಲಂಡನ್ನಿನಲ್ಲಿ ಸಿರಿವಂತರ ಮನೆಯ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ಶಿಕ್ಷಕಿ ಅವರು. ಹಿರಿಯರು ನೋಡಿ ಒಪ್ಪಿದ, ತಾವು ಸರಿಯಾಗಿ ಮಾತನಾಡಿಯೂ ಇರದ ಗಂಡಿನ ಮನೆಗೆ ಹೋಗಬೇಕಾಗಿದ್ದ ಹುಡುಗಿಯರು ಆ ಕಥೆಯ ಮೊದಲ ಓದುಗರು. ಅಪರಿಚಿತ ಮನೆ, ಅಪರಿಚಿತ ಗಂಡಸು, ಅವನೆದುರು ಊಟಕ್ಕೆ ಕುಳಿತಾಗಿನ ದಿಗಿಲು. ಇದನ್ನು ನಮ್ಮ ಅಜ್ಜಿಯರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಬೊಮಾಂ ಕಥೆಯಲ್ಲಿ ಮೃಗ ಪ್ರತಿ ರಾತ್ರಿ ಒಂಬತ್ತಕ್ಕೆ ಊಟದ ಹೊತ್ತಿಗೆ ಬರುತ್ತದೆ. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತದೆ. ನಾಯಕಿ ಬೆಲ್ ‘ಇಲ್ಲ’ ಎನ್ನುತ್ತಾಳೆ. ಮೃಗ ನಿಟ್ಟುಸಿರಿಟ್ಟು ಹೊರಟುಹೋಗುತ್ತದೆ. ಮೂರು ತಿಂಗಳು ಹೀಗೆಯೇ ನಡೆಯುತ್ತದೆ. ಓದುಗರಾದ ನಮಗೂ ಅವಳಿಗೆ ತಿಳಿದಷ್ಟೇ ತಿಳಿದಿದೆ: ಎದುರಿಗೆ ಕುಳಿತಿರುವುದು ಮೃಗ, ಅಷ್ಟೇ. ಆದ್ದರಿಂದ ಕೊನೆಗೆ ಅವಳು ಹೂಂ ಎಂದಾಗ ಅವಳು ಒಪ್ಪಿದ್ದು ಮೃಗವನ್ನೇ, ಅದರ ಕೂದಲು, ಗೊಗ್ಗರು ದನಿ, ಮಂದ ಮಾತುಗಳ ಸಮೇತ. ಈ ಕಥೆಯಲ್ಲಿ ಪ್ರೇಮಕಥೆ ಎನ್ನಬಹುದಾದ ಕ್ಷಣ ಅದೊಂದೇ ಎಂದು ನನ್ನ ನಂಬಿಕೆ. ಆಮೇಲೆ ಬರುವ ರಾಜಕುಮಾರ, ಅರಮನೆಯ ಬೆಳಕು, ಬಾಗಿಲಲ್ಲಿ ಕಲ್ಲಾಗಿ ನಿಲ್ಲುವ ಅಕ್ಕಂದಿರು ಎಲ್ಲವೂ ಅದರ ನಂತರದ ಗದ್ದಲ.

ಅವನು ರಾಜಕುಮಾರನೆಂದು ನಮಗೆ ಮೊದಲೇ ತಿಳಿದರೆ ಅವಳ ಪ್ರೀತಿ ಒಂದು ಬೀಗದ ಕೈಯಾಗಿ ಉಳಿಯುತ್ತದೆ. ಅದು ಯಾವಾಗ ತಿರುಗೀತು ಎಂದು ಕಾಯುತ್ತೇವೆಯೇ ಹೊರತು ಅವಳೊಂದಿಗೆ ಹೆದರುವುದಿಲ್ಲ.

1991ರ ಚಿತ್ರಕ್ಕೆ ನಾನು ಅನ್ಯಾಯ ಮಾಡಲಾರೆ. ಶಾಪವನ್ನು ಮೊದಲೇ ಹೇಳಿದ್ದರಿಂದ ಆ ಚಿತ್ರಕ್ಕೆ ಒಂದು ದೊಡ್ಡ ದೃಶ್ಯ ದಕ್ಕಿತು. ಶಾಪದ ಗಡುವು ತೋರಿಸುವ ಗುಲಾಬಿಯ ಎಸಳುಗಳು ಉದುರುತ್ತಿರುವಾಗ, ಉಳಿದ ಕೊನೆಯ ಅವಕಾಶವೂ ಕೈತಪ್ಪುತ್ತದೆಂದು ತಿಳಿದಿದ್ದೂ, ಮೃಗ ಅವಳನ್ನು ಅಪ್ಪನ ಬಳಿಗೆ ಕಳುಹಿಸುತ್ತದೆ. ಅದು ಏನನ್ನು ಕಳೆದುಕೊಳ್ಳುತ್ತಿದೆ ಎಂದು ನಮಗೆ ಗೊತ್ತಿರುವುದರಿಂದಲೇ ಎದೆ ಭಾರವಾಗುತ್ತದೆ. ಆದರೆ ಇದಕ್ಕೆ ತೆತ್ತ ಬೆಲೆಯನ್ನೂ ಗಮನಿಸು. ಕಥೆಯ ನಡುಮನೆ ಅವಳಿಂದ ಅವನಿಗೆ ಹೋಯಿತು. ಬದಲಾಗಬೇಕಾದವನು ಅವನು, ತ್ಯಾಗ ಮಾಡುವವನು ಅವನು. ಪ್ರತಿ ರಾತ್ರಿಯ ಪ್ರಶ್ನೆಯೂ ಚಿತ್ರದಿಂದ ಮಾಯವಾಯಿತು. ನೀನು ನನಗೆ ಬರೆದ ಟಿಪ್ಪಣಿಯಲ್ಲಿ ‘ಇದು ಅವಳ ಕಥೆ’ ಎಂದಿದ್ದೀಯೆ. ಹಾಗಾದರೆ ಅವನ ಕಥೆಗಾಗಿ ಕಟ್ಟಿದ ಬಾಗಿಲಿನಿಂದ ಒಳಗೆ ಹೋಗಬೇಡ.

2017ರಲ್ಲಿ ಬಿಲ್ ಕಾಂಡನ್ ನಿರ್ದೇಶನದಲ್ಲಿ ಅದೇ ಚಿತ್ರ ನಟರೊಂದಿಗೆ ಮತ್ತೆ ಬಂತು. ನಿನ್ನ ಕರಡಿನ ಮೇಲೆ ಅದರ ನೆರಳು ಇನ್ನೂ ದಟ್ಟವಾಗಿದೆ. ಹಳೆಯ ಚಿತ್ರದ ಬಗ್ಗೆ ಪ್ರೇಕ್ಷಕರು ಕೇಳಿದ್ದ ಪ್ರಶ್ನೆಗಳಿಗೆಲ್ಲ ಆ ಚಿತ್ರ ಉತ್ತರ ಕೊಡಲು ಹೊರಟಿತು. ಊರಿನವರಿಗೆ ಪಕ್ಕದ ಕೋಟೆಯೇ ನೆನಪಿಲ್ಲವೇಕೆ? ಮಾಟ ಅವರ ನೆನಪನ್ನೂ ಅಳಿಸಿತ್ತು. ರಾಜಕುಮಾರ ಕ್ರೂರಿಯಾದದ್ದೇಕೆ? ತಾಯಿ ತೀರಿಕೊಂಡ ಮೇಲೆ ಕಟುಕ ತಂದೆ ಬೆಳೆಸಿದ. ಬೆಲ್‌ಳ ತಾಯಿ ಎಲ್ಲಿ? ಪ್ಯಾರಿಸ್ಸಿನಲ್ಲಿ ಪ್ಲೇಗ್‌ಗೆ ಬಲಿಯಾದಳು. ಎಮ್ಮಾ ವಾಟ್ಸನ್ ನಟಿಸಿದ ಬೆಲ್ ಬಟ್ಟೆ ಒಗೆಯುವ ಯಂತ್ರವನ್ನೂ ಕಂಡುಹಿಡಿಯುತ್ತಾಳೆ. ಯಂತ್ರ ನನಗೆ ಇಷ್ಟವೇ. ಉಳಿದ ಉತ್ತರಗಳಿಂದ ಅವರಿಬ್ಬರು ಒಂದು ಗೇಣೂ ಹತ್ತಿರವಾದಂತೆ ನನಗೆ ಕಾಣಲಿಲ್ಲ. ನಿನ್ನ ಕರಡಿನ ನಡುವೆಯೂ ಮೃಗದ ಬಾಲ್ಯಕ್ಕೆಂದು ಹನ್ನೊಂದು ಪುಟಗಳ ಹಿನ್ನೋಟವಿದೆ. ಅಷ್ಟು ಹೊತ್ತೂ ನಾಯಕಿ ಕಿಟಕಿಯ ಬಳಿ ಕುಳಿತು ಕೇಳುತ್ತಾಳೆ. ಒಬ್ಬನು ಹೀಗಾಗಲು ಕಾರಣ ತಿಳಿದರೆ ಅನುಕಂಪ ಹುಟ್ಟುತ್ತದೆ ನಿಜ. ಅನುಕಂಪವನ್ನೇ ಪ್ರೀತಿ ಎಂದು ತೋರಿಸಿಬಿಡುವುದು ಅವಳಿಗೆ ಬಗೆಯುವ ದ್ರೋಹ.

ವಿವರಣೆಯಿಲ್ಲದೆಯೂ ಹತ್ತಿರವಾಗಿಸುವುದು ಹೇಗೆ ಎಂದು ಕಲಿಯಲು ಫ್ರೆಂಚ್ ನಿರ್ದೇಶಕ ಝಾನ್ ಕಾಕ್ತೋ 1946ರಲ್ಲಿ ತೆರೆಗೆ ತಂದ ಚಿತ್ರವನ್ನು ನೋಡು. ಮಹಾಯುದ್ಧ ಆಗಷ್ಟೇ ಮುಗಿದಿದ್ದ ಫ್ರಾನ್ಸಿನಲ್ಲಿ, ವಿದ್ಯುತ್ತು ಕೈಕೊಡುತ್ತಿದ್ದಾಗ, ಫಿಲ್ಮಿಗೂ ಬಟ್ಟೆಗೂ ಬರವಿದ್ದಾಗ, ಸ್ವತಃ ಚರ್ಮರೋಗದಿಂದ ನರಳುತ್ತ ಅವರು ಅದನ್ನು ಚಿತ್ರೀಕರಿಸಿದರು. ಮೃಗದ ವೇಷಕ್ಕೆ ನಟ ಝಾನ್ ಮರೆ ದಿನವೂ ಸುಮಾರು ಐದು ಗಂಟೆ ಕುಳಿತಿರಬೇಕಾಗಿತ್ತು. ಗೋಡೆಯಿಂದ ಚಾಚಿದ ಮನುಷ್ಯರ ತೋಳುಗಳು ಅಲ್ಲಿ ದೀಪ ಹಿಡಿದಿವೆ. ಏಕೆಂದು ಯಾರೂ ಹೇಳುವುದಿಲ್ಲ. ಬೇಟೆಯಾಡಿ ಬಂದ ಮೃಗದ ಕೈಗಳಿಂದ ಹೊಗೆ ಏಳುತ್ತದೆ. ರಕ್ತ ಮೆತ್ತಿದ ಮೈಯಲ್ಲಿ ಅದು ಬೆಲ್‌ಳ ಕೋಣೆಯ ಬಾಗಿಲಿಗೆ ಬಂದಾಗ ಅವಳು ಗದರಿಸುತ್ತಾಳೆ, ಒರೆಸಿಕೊಂಡು ಹೋಗಿ ಮಲಗು ಎನ್ನುತ್ತಾಳೆ. ಒಮ್ಮೆ ಕೊಳದ ಬಳಿ ನಾಲಿಗೆಯಿಂದ ನೀರು ನೆಕ್ಕುವ ಮೃಗ ಮುಂದೆ ಅವಳ ಬೊಗಸೆಯಿಂದಲೇ ಕುಡಿಯುತ್ತದೆ. ಬಾಲ್ಯದ ಒಂದು ಮಾತೂ ಇಲ್ಲದೆ ಅವರ ನಡುವಿನ ದೂರ ಎಷ್ಟು ಕಡಿಮೆಯಾಯಿತು ಎಂದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಪ್ರತಿ ರಾತ್ರಿಯ ಪ್ರಶ್ನೆಯನ್ನೂ ಕಾಕ್ತೋ ಉಳಿಸಿಕೊಂಡರು. ಒಂಬತ್ತರ ಬದಲು ಏಳು ಗಂಟೆಗೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲೂ ನೋಡುವವರಿಗೆ ಮೊದಲೇ ಗುಟ್ಟು ತಿಳಿದಿರುತ್ತದಲ್ಲ ಎಂದು ನೀನು ವಾದಿಸಬಹುದು. ‘ನಾಗಮಂಡಲ’ ನಿನಗೆ ಬಾಯಿಪಾಠ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಗಿರೀಶ ಕಾರ್ನಾಡರು ನಾಟಕವಾಗಿಸಿದರು, 1997ರಲ್ಲಿ ನಾಗಾಭರಣ ಅದನ್ನು ತೆರೆಗೆ ತಂದರು. ರಾತ್ರಿ ಬರುವವನು ಗಂಡ ಅಪ್ಪಣ್ಣನಲ್ಲ, ಅವನ ರೂಪ ತಳೆದ ಹುತ್ತದ ನಾಗ ಎಂದು ನಮಗೆ ಗೊತ್ತು, ರಾಣಿಗೆ ಗೊತ್ತಿಲ್ಲ. ಆದರೆ ಅಲ್ಲಿ ನಮಗೆ ಮೊದಲೇ ತಿಳಿದಿರುವುದು ಅವಳಿಗೆ ಕಾದಿರುವ ಅಪಾಯ. ನಿನ್ನ ಕರಡಿನಲ್ಲಿ ಮೊದಲೇ ತಿಳಿದಿರುವುದು ಅವಳಿಗೆ ಕಾದಿರುವ ಬಹುಮಾನ. ಅಪಾಯ ತಿಳಿದವರು ಅವಳಿಗಾಗಿ ಹೆದರುತ್ತಾರೆ. ಹುತ್ತಕ್ಕೆ ಕೈಯಿಟ್ಟು ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾವ ಗಂಡನ್ನೂ ಮುಟ್ಟಿಲ್ಲ ಎಂದು ಅವಳು ಪ್ರಮಾಣ ಮಾಡುವಾಗ ಉಸಿರು ಬಿಗಿಹಿಡಿಯುವುದು ಅದಕ್ಕಾಗಿಯೇ. ಬಹುಮಾನ ತಿಳಿದವರು ಆರಾಮವಾಗಿ ಕುಳಿತುಕೊಳ್ಳುತ್ತಾರೆ.

ಸುಳಿವು ಬೇಕೆನಿಸಿದರೆ ವಿಲ್ನವ್ ಬಳಿಗೆ ಹೋಗು. ಅಲ್ಲಿ ನಾಯಕಿಯ ಕನಸಿನಲ್ಲಿ ಒಬ್ಬ ಚೆಲುವ ಬರುತ್ತಾನೆ. ಅವಳು ಅವನಿಗೆ ಮನಸೋಲುತ್ತಾಳೆ. ಅವನೇ ಮೃಗ ಎಂದು ಅವಳಿಗೆ ಹೊಳೆಯುವುದಿಲ್ಲ. ಕೊನೆಗೆ ಮೃಗಕ್ಕೆ ಒಪ್ಪಿಗೆ ಕೊಡುವಾಗ ಅವಳು ಆ ಕನಸಿನವನನ್ನು ಬಿಟ್ಟುಕೊಡಬೇಕು. ಸುಳಿವು ಅವಳ ಆಯ್ಕೆಯನ್ನು ಹಗುರ ಮಾಡುವ ಬದಲು ಇನ್ನಷ್ಟು ಕಠಿಣವಾಗಿಸುತ್ತದೆ. ಎಂಥ ಜಾಣ್ಮೆ ನೋಡು!

ಪ್ರತಿ ರಾತ್ರಿಯ ಪ್ರಶ್ನೆಯನ್ನು ನೀನು ಕೈಬಿಟ್ಟದ್ದೇಕೆ ಎಂದು ಅರ್ಥವಾಗುತ್ತದೆ. ಬೇಡವೆಂದ ಮೇಲೂ ಮತ್ತೆ ಮತ್ತೆ ಕೇಳುವ ಗಂಡಸನ್ನು ಇಂದು ನಾವು ಹೇಗೆ ನೋಡುತ್ತೇವೆ ಎಂಬ ಭಯ ನಿನ್ನದು. ಆ ಭಯ ಸರಿಯಾದದ್ದೇ. ಆದರೂ ಬೊಮಾಂ ಕಥೆಯ ಮೊದಲ ರಾತ್ರಿಗಳನ್ನು ಇನ್ನೊಮ್ಮೆ ಓದು. ನಿನ್ನ ಇಷ್ಟದಿಂದಲೇ ಬಂದೆಯಾ ಎಂದು ಮೃಗ ಮೊದಲು ಕೇಳುತ್ತದೆ. ಈ ಮನೆಗೆ ನೀನೇ ಒಡತಿ, ನಾನಿಲ್ಲಿರುವುದು ಹಿತವೆನಿಸದಿದ್ದರೆ ಹೋಗು ಎನ್ನು, ಹೋಗುತ್ತೇನೆ ಎನ್ನುತ್ತದೆ. ಹಾಗೆಯೇ ನಡೆದುಕೊಳ್ಳುತ್ತದೆ ಕೂಡ. ಅವಳ ನಿರಾಕರಣೆಗೆ ಅಲ್ಲಿ ಪ್ರತಿ ರಾತ್ರಿಯೂ ಬೆಲೆಯಿದೆ. ನಿನ್ನ ಕರಡಿನಲ್ಲಿ ಅವನು ಕೇಳುವುದೇ ಇಲ್ಲ, ಹಾಗಾಗಿ ಬೇಡವೆನ್ನುವ ಅವಕಾಶವೂ ಅವಳಿಗಿಲ್ಲ. ಒಂದು ಹಾಡು ಬರುತ್ತದೆ, ಹಾಡು ಮುಗಿಯುವಾಗ ಅವರು ಪ್ರೇಮಿಗಳಾಗಿರುತ್ತಾರೆ. ಪ್ರಶ್ನೆಯನ್ನು ಮರಳಿ ತಾ. ಅವಳು ಒಲ್ಲೆ ಎಂದ ಮೇಲೆ ಅವನು ಏನು ಮಾಡುತ್ತಾನೆ ಎಂಬುದನ್ನು ಪ್ರತಿ ಸಲವೂ ಬರೆ. ಒಂದು ರಾತ್ರಿ ಸಿಟ್ಟಾಗಲಿ, ಇನ್ನೊಂದು ರಾತ್ರಿ ಕೇಳಲು ಬಂದವನು ಕೇಳದೆಯೇ ಹೋಗಲಿ.

ಕೊನೆಯ ದೃಶ್ಯದ ಬಗ್ಗೆ ಒಂದೇ ಮಾತು. ಬೊಮಾಂ ಕಥೆಯಲ್ಲಿ ಸುಂದರ ರಾಜಕುಮಾರ ಎದುರಿಗೆ ನಿಂತಾಗಲೂ ಬೆಲ್ ಕೇಳುವುದು, ಮೃಗ ಎಲ್ಲಿ ಎಂದು. ಕಾಕ್ತೋ ಚಿತ್ರದಲ್ಲಿ ಅವಳು ಆ ಹೊಸ ಮುಖಕ್ಕೆ ಹೊಂದಿಕೊಳ್ಳಬೇಕು ಎನ್ನುತ್ತಾಳೆ. 2017ರ ಚಿತ್ರದಲ್ಲೂ ಗಡ್ಡ ಬಿಡುತ್ತೀಯಾ ಎಂದು ಅವಳು ಕೇಳುವ ಒಂದು ಚಿಕ್ಕ ಕ್ಷಣವಿದೆ; ಆ ಚಿತ್ರದಲ್ಲಿ ನನಗೆ ತುಂಬ ಪ್ರಿಯವಾದದ್ದು ಅದು. ನಿನ್ನ ನಾಯಕಿ ಮಾತ್ರ ಹೊಸ ಮುಖ ಕಂಡ ಕೂಡಲೇ ನಗುತ್ತಾಳೆ. ಅವಳು ಅಷ್ಟು ಬೇಗ ನಗಲಾರಳು. ಅಷ್ಟು ದಿನ ಎದುರಿಗೆ ಕುಳಿತು ಉಂಡವನನ್ನು ಅವಳು ಈಗ ಕಳೆದುಕೊಂಡಿದ್ದಾಳೆ.

ಹಿನ್ನೆಲೆ ದನಿಯ ಪುಟಗಳನ್ನೂ ಆ ಹನ್ನೊಂದು ಪುಟಗಳ ಹಿನ್ನೋಟವನ್ನೂ ತೆಗೆದಿಟ್ಟು, ಊಟದ ಮೇಜಿನ ಮೊದಲ ರಾತ್ರಿಯನ್ನು ಬರೆ. ಅವನು ಯಾರೆಂದು ಅವಳಿಗೆ ತಿಳಿಯದು; ಬರೆಯುವಾಗ ನಿನಗೂ ತಿಳಿಯದಿರಲಿ. ಆ ದೃಶ್ಯವೊಂದನ್ನೇ ಕಳುಹಿಸಿದರೆ ಸಾಕು, ಉಳಿದದ್ದಕ್ಕೆ ಅವಸರವಿಲ್ಲ.

ಪ್ರೀತಿಯಿಂದ,
ನಿನ್ನ ಅಕ್ಕ