ಹೆಸರು ಹೇಳದೆ ನೆರವಾದವರಿಗೆ

ಮಂದದೃಷ್ಟಿಯವರು ಕೈಯಲ್ಲಿ ಹಿಡಿಯುವ ಭೂತಗನ್ನಡಿ ಆರಿಸುವಾಗ ಜೊತೆಗೆ ನಿಂತ ನಿಮಗೆ ನಾವೆಲ್ಲ ಋಣಿಗಳು. ಡಬ್ಬಿಯ ಮೇಲಿನ, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವ ‘3 ಎಕ್ಸ್’, ‘4 ಎಕ್ಸ್’ ಬಿಟ್ಟು, ಮಸೂರದ ಶಕ್ತಿಯ ಅಳತೆಯಾದ ಡಯಾಪ್ಟರ್ ನೋಡಿ ಎಂದಿರಲ್ಲ, ಅದೇ ದೊಡ್ಡ ಉಪಕಾರ. 12 ಡಯಾಪ್ಟರಿನ ಮಸೂರವನ್ನು ಒಬ್ಬ ತಯಾರಕರು 4ರಿಂದ ಭಾಗಿಸಿ 3 ಎಕ್ಸ್ ಎನ್ನುತ್ತಾರೆ. ಇನ್ನೊಬ್ಬರು ಅದಕ್ಕೆ 1 ಕೂಡಿಸಿ 4 ಎಕ್ಸ್ ಎನ್ನುತ್ತಾರೆ. ಮಸೂರ ಮಾತ್ರ ಅದೇ! 100ನ್ನು ಡಯಾಪ್ಟರಿನಿಂದ ಭಾಗಿಸಿದರೆ ಪುಟದಿಂದ ಎಷ್ಟು ಸೆಂಟಿಮೀಟರ್ ಮೇಲೆ ಹಿಡಿಯಬೇಕೆಂಬುದೂ ಸಿಗುತ್ತದೆ: 10ಕ್ಕೆ 10, 20ಕ್ಕೆ ಬರೀ 5.

ಶಕ್ತಿ ಹೆಚ್ಚಿದಷ್ಟೂ ಮಸೂರ ಚಿಕ್ಕದು, ಒಮ್ಮೆಗೆ ಕಾಣುವ ಅಕ್ಷರಗಳೂ ಕಡಿಮೆ. ಆದ್ದರಿಂದ ಬೇಕಾದ ಅಕ್ಷರ ಸರಾಗವಾಗಿ ಓದಿಸುವ ಕನಿಷ್ಠ ಶಕ್ತಿಯದೇ ಸಾಕು. ಕಣ್ಣನ್ನು ಮಸೂರಕ್ಕೆ ಹತ್ತಿರ ತಂದರೆ ನೋಟ ಅಗಲವಾಗುತ್ತದೆ. ಇದನ್ನು ಹೇಳಿಕೊಡುವವರೇ ಅಪರೂಪ. ಆ ಲೆಕ್ಕದ ದೂರದಲ್ಲಿ ಹಿಡಿದಾಗ ದೂರ ನೋಡುವ ಕನ್ನಡಕವೇ ಸರಿ, ಬೈಫೋಕಲ್ ಇದ್ದರೆ ಮೇಲ್ಭಾಗದಿಂದ ನೋಡಬೇಕು. ಕೈ ನಡುಗುವವರಿಗೆ ಪುಟದ ಮೇಲೆ ಕೂರುವ ಸ್ಟ್ಯಾಂಡ್ ಮಾದರಿ ತೋರಿಸಿದಿರಿ.

ಭೂತಗನ್ನಡಿಗಳ ಬಿಳಿ, ಹಳದಿ ಎಲ್‌ಇಡಿ ದೀಪ ಎರಡನ್ನೂ ಹೊತ್ತಿಸಿ, ಅವರವರು ದಿನವೂ ಓದುವ ಕಾಗದದ ಮೇಲೆಯೇ ಪರೀಕ್ಷಿಸಲು ಬಿಟ್ಟ ನಿಮ್ಮ ತಾಳ್ಮೆಗೆ ಮನಸಾರೆ ವಂದನೆ.