ದೊಡ್ಡಾಸ್ಪತ್ರೆ ಬರಲಿ, ಅಲ್ಲಿವರೆಗೆ ತಾಲೂಕಾಸ್ಪತ್ರೆಗೆ ರಾತ್ರಿ ಡಾಕ್ಟ್ರು ಬರಲಿ

ಸಂಪಾದಕರಿಗೆ ನಮಸ್ಕಾರ,

2022ರಲ್ಲಿ ಬೈಂದೂರು ಹತ್ರದ ಶಿರೂರು ಟೋಲ್‌ಗೇಟಲ್ಲಿ ಹೊನ್ನಾವರದಿಂದ ರೋಗಿಯನ್ನ ಜಿಲ್ಲೆ ಹೊರಗೆ ಕರ್ಕೊಂಡು ಹೋಗ್ತಿದ್ದ ಆಂಬುಲೆನ್ಸ್ ಪಲ್ಟಿಯಾದ ಮೇಲೆ ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎದ್ದ ಕೂಗು ನಿಲ್ಲಬಾರದು, ನಾನೂ ಆಗ ಸ್ಟೇಟಸ್ ಹಾಕಿದವನೇ. ಆದ್ರೆ ಆ ಗದ್ದಲದಲ್ಲಿ ಬಾಳಂತಿ, ಕೂಸುಗಳ ವಿಷ್ಯ ಹಿಂದೆ ಬಿತ್ತು ಅನ್ನಿಸ್ತದೆ. ನಮ್ಮ ದೇಶದಲ್ಲಿ ಐದು ವರ್ಷದೊಳಗೆ ತೀರಿಕೊಳ್ಳೋ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಿದ ಮೊದಲ ತಿಂಗಳಲ್ಲೇ ಹೋಗ್ತವೆ, ಕಾರಣ ನೋಡಿದ್ರೆ ದಿನ ತುಂಬದೇ ಹುಟ್ಟಿದ್ದು, ತೂಕ ಇಲ್ಲದ್ದು, ಹುಟ್ಟಿದ ಕೂಡ್ಲೇ ಉಸಿರಾಡದೇ ಇದ್ದದ್ದು, ನಂಜು. ಇದರಲ್ಲಿ ಬಹುಪಾಲು ಕೆಲಸ ತಾಲೂಕಾಸ್ಪತ್ರೆಯಲ್ಲೇ ಆಗುವಂಥದ್ದು, ಅಲ್ಲಿ ರಾತ್ರಿ ಹೆರಿಗೆ ಡಾಕ್ಟ್ರು, ಮಕ್ಕಳ ಡಾಕ್ಟ್ರು, ಅರಿವಳಿಕೆ ಡಾಕ್ಟ್ರು ಮೂರೂ ಜನ ಇದ್ರೆ.

ಇಲ್ಲ ಅನ್ನೋದೇ ತಕರಾರು.

ನನ್ನ ತಂಗಿ ಮಗಳಿಗೆ ಎಂಟನೇ ತಿಂಗಳಲ್ಲೇ ನೋವು ಶುರುವಾಯ್ತು, ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ, ಹತ್ರದ ಆಸ್ಪತ್ರೆಗೆ (ಹೆಸರು ಬೇಡ, ಎಲ್ಲಾ ಕಡೆ ಅದೇ ಕತೆ) ಹೋದ್ರೆ ಮಕ್ಕಳ ಡಾಕ್ಟ್ರು ರಜೆ, ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಅಂದ್ರು. ಆದ್ರೆ ಅಲ್ಲಿದ್ದ ನರ್ಸಮ್ಮ ಸುಮ್ನೆ ಚೀಟಿ ಬರ್ದು ಕಳಿಸ್ಲಿಲ್ಲ, ಫೋನಲ್ಲಿ ಡಾಕ್ಟ್ರನ್ನ ಕೇಳಿ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟೇ ಗಾಡಿ ಹತ್ತಿಸಿದ್ಲು. ದಿನ ತುಂಬದ ಕೂಸಿನ ಶ್ವಾಸಕೋಶ ಬೇಗ ಗಟ್ಟಿಯಾಗ್ಲಿ ಅಂತ ತಾಯಿಗೇ ಕೊಡೋ ಔಷಧ ಅದು, ಬೆಲೆ ಒಂದು ಚಾ ಬಿಸ್ಕತ್ತಿನಷ್ಟೂ ಇಲ್ಲ. ಹುಬ್ಬಳ್ಳಿ ಡಾಕ್ಟ್ರು ಮೊದಲು ಕೇಳಿದ್ದೂ ಅದನ್ನೇ, ಇಂಜೆಕ್ಷನ್ ಆಗಿದ್ಯಾ ಅಂತ. ಆಮೇಲೆ ಕೂಸನ್ನ ಬರೀ ಟೊಪ್ಪಿ, ಚಡ್ಡಿ ಹಾಕಿ ತಾಯಿ ಎದೆಗೆ ಮೈಗೆ ಮೈ ತಾಗೋ ಹಾಗೆ ಬಟ್ಟೆಯಲ್ಲಿ ಕಟ್ಟಿ ಇಟ್ರು, ಅವಳಿಗೆ ಸುಸ್ತಾದಾಗ ಗಂಡನ ಎದೆಗೆ ಕಟ್ಟಿದ್ರು, ಅವನು ಅಲ್ಲಾಡದೇ ಕೂತಿದ್ದು ನೋಡ್ಬೇಕಿತ್ತು. ಕಾಂಗರೂ ಆರೈಕೆ ಅಂತಾರೆ, ಇದಕ್ಕೆ ದೊಡ್ಡ ಮಷಿನ್ ಏನೂ ಬೇಡ, ಹೇಳಿಕೊಡೋ ಜನ ಬೇಕು.

ಎಲ್ಲರಿಗೂ ಅಂಥ ನರ್ಸಮ್ಮ ಸಿಗಲ್ಲ. ಘಟ್ಟದ ರಸ್ತೆ ಕೂಡ ನಮ್ಮ ಮಾತು ಕೇಳಲ್ಲ, 2024ರ ಜುಲೈನಲ್ಲಿ ಅಂಕೋಲೆ ಶಿರೂರಲ್ಲಿ (ಟೋಲ್‌ಗೇಟಿನ ಶಿರೂರು ಬೇರೆ) ಗುಡ್ಡ ಕುಸಿದು ಹೆದ್ದಾರಿನೇ ಬಂದ್ ಆದಾಗ ಆ ಕಡೆ ಈ ಕಡೆ ಎಷ್ಟು ಬಸುರಿಯರಿದ್ರೋ. ಅದಕ್ಕೇ ನನ್ನ ಬೇಡಿಕೆ, ಜೋಯಿಡಾ, ಯಲ್ಲಾಪುರ, ಸಿದ್ದಾಪುರ ಕಡೆ ಕಾಡೊಳಗಿನ ಊರಿನೋರಿಗೆ ಮಳೆಗಾಲದಲ್ಲಿ ಡೇಟ್ ಇದ್ರೆ ಎರಡು ವಾರ ಮೊದಲೇ ಬಂದು ಉಳಿಯೋಕೆ ತಾಲೂಕಾಸ್ಪತ್ರೆ ಪಕ್ಕ ಒಂದು ಮನೆ ಮಾಡಿ, ಜತೆಗೆ ಬಂದ ಅತ್ತೆಗೋ ಅಮ್ಮಂಗೋ ಊಟನೂ ಕೊಡಿ, ಇಲ್ದಿದ್ರೆ ಯಾರೂ ಬರಲ್ಲ. ದನ ಕರ ಯಾರು ನೋಡೋದು ಅನ್ನೋ ಪ್ರಶ್ನೆ ಆಮೇಲೂ ಉಳೀತದೆ, ಅದು ಬೇರೆ ಮಾತು.

ಇನ್ನು ಆಶಾ ಅಕ್ಕಂದಿರು. ಆಸ್ಪತ್ರೆ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಮನೆಗೆ ಬರ್ಬೇಕು ಅಂತ ನಿಯಮ. ನಮ್ಮ ಕೇರಿ ಅಕ್ಕ ಬಂದ್ರೆ ಮೊದಲು ಕೈ ತೊಳ್ದು, ಕೂಸಿನ ಅಂಗಿ ಮೇಲೆ ಸರಿಸಿ, ಹೊಟ್ಟೆ ಏಳೋದು ಇಳಿಯೋದು ನೋಡ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ತಾಳೆ, ಆವಾಗ ಯಾರೂ ಮಾತಾಡೋ ಹಾಗಿಲ್ಲ, 60 ಮುಟ್ಟಿದ್ರೆ ಸೀದಾ ಆಸ್ಪತ್ರೆ. ಹಾಲು ಕುಡಿಯೋದು ಕಮ್ಮಿ ಮಾಡಿದ್ಯಾ, ಪಾದ ತಣ್ಣಗಿದ್ಯಾ, ಎಲ್ಲಾ ನೋಡ್ತಾಳೆ. ಜೇನಲ್ಲಿ ಬಜೆ ತೇದು ನೆಕ್ಕಿಸ್ಬೇಡಿ, ಹುಟ್ಟಿದ ದಿನವೇ ಮೀಯಿಸ್ಬೇಡಿ ಅಂತ ನಮ್ಮಮ್ಮನ ಹತ್ರ ಬೈಸಿಕೊಂಡು ಹೇಳಿ ಹೋಗ್ತಾಳೆ, ಕಬ್ಬಿಣದ ಮಾತ್ರೆ ಚಾ ಜತೆ ನುಂಗ್ಬೇಡಿ ಅಂತ್ಲೂ. ಒಂದೊಂದು ಮನೆಗೂ ತೋಟ, ಹಳ್ಳ ದಾಟಿ ಹೋಗ್ಬೇಕು, ಕಾಲುಸಂಕ (ಹಳ್ಳ ದಾಟೋ ಸಣ್ಣ ಸೇತುವೆ) ಕೊಚ್ಚಿಕೊಂಡು ಹೋದ್ರೆ ಏಳನೇ ದಿನದ ಭೇಟಿ ಹೋಯ್ತು ಅಂತ್ಲೇ ಲೆಕ್ಕ. ಇಷ್ಟು ಮಾಡಿಯೂ ಅವರು ಪ್ರೋತ್ಸಾಹಧನಕ್ಕೆ ರಸ್ತೇಲಿ ಕೂರ್ಬೇಕು ಅಂದ್ರೆ ನಾಚಿಕೆ ನಮಗೆ ಆಗ್ಬೇಕು. ಕಾಲುಸಂಕ ಕಟ್ಟೋದೂ ಆರೋಗ್ಯದ ಕೆಲಸ ಅಂತ ಪಂಚಾಯ್ತಿಯವರಿಗೆ ಯಾರಾದ್ರೂ ಹೇಳಿ.

2020ರ ಎಸ್‌ಆರ್‌ಎಸ್ (ಹುಟ್ಟು ಸಾವಿನ ಬಗ್ಗೆ ಕೇಂದ್ರ ಸರ್ಕಾರ ಮಾಡೋ ಮಾದರಿ ಸಮೀಕ್ಷೆ) ಲೆಕ್ಕದಲ್ಲಿ ಸಾವಿರ ಮಕ್ಕಳು ಹುಟ್ಟಿದ್ರೆ ವರ್ಷ ತುಂಬೋದ್ರೊಳಗೆ ಕರ್ನಾಟಕದಲ್ಲಿ 19 ಹೋಗ್ತಿದ್ವು, ಕೇರಳದಲ್ಲಿ 6. ಅವರಿಗೂ ಇದೇ ಸಮುದ್ರ, ಇದೇ ಘಟ್ಟ, ಇದೇ ಮಳೆ. ಔಷಧ, ರಕ್ತ, ಗಾಡಿ ಎಲ್ಲಾ ಪುಕ್ಕಟೆ ಅಂತ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಉಂಟು, ಪ್ರತಿ ತಿಂಗಳು 9ಕ್ಕೆ ಬಸುರಿಯರ ತಪಾಸಣೆ ಉಂಟು, ಯೋಜನೆಗೆ ಬರ ಇಲ್ಲ ಮಾರಾಯ್ರೆ, ಖಾಲಿ ಇರೋದು ಕುರ್ಚಿ.

ಕಡೆಗೆ ನಿಮಗೇ ಒಂದು ಕೆಲಸ. ನಿಮ್ಮ ಪೇಪರಲ್ಲಿ ಶಿರಸಿ, ಸಿದ್ದಾಪುರ, ಕುಮಟಾ ಅಡಕೆ ರೇಟು ತಪ್ಪದೇ ಬರ್ತದೆ, ಚಾಲಿ ಇಷ್ಟು, ರಾಶಿ ಇಷ್ಟು ಅಂತ. ಅದರ ಪಕ್ಕ ವಾರಕ್ಕೊಂದ್ಸಲ ಇನ್ನೊಂದು ಪಟ್ಟಿ ಹಾಕಿ, ಯಾವ ತಾಲೂಕಾಸ್ಪತ್ರೆಯಲ್ಲಿ ಈ ವಾರ ರಾತ್ರಿ ಮಕ್ಕಳ ಡಾಕ್ಟ್ರಿದ್ದಾರೆ, ಎಲ್ಲಿ ಇಲ್ಲ, ರಕ್ತ ಎಲ್ಲಿ ಸಿಗ್ತದೆ ಅಂತ. ಇಲಾಖೆಯವರು ಮಾಹಿತಿ ಕೊಡ್ಲಿಲ್ಲ ಅಂದ್ರೆ "ಕೊಡಲಿಲ್ಲ" ಅಂತ್ಲೇ ಅಚ್ಚು ಹಾಕಿ.

ಇತಿ,
ಒಬ್ಬ ಓದುಗ, ಶಿರಸಿ