ಬ್ಯಾಂಡಿನವರನ್ನ ಡಿಜೆ ಜೋಡಿ ಒಂದೇ ಗಂಟಿಗಿ ಕಟ್ಟಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ಮೊನ್ನಿ ನಿಮ್ಮ ಪೇಪರಿನ್ಯಾಗ ಲಗ್ನದ ಬರಾತಿನ ಸಲುವಾಗಿ ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಟ್ರಾಫಿಕ್ ಜಾಮ್ ಆಗ್ತದ ಅಂತ ಸುದ್ದಿ ಬಂದಿತ್ತು, ಹೆಡ್ಡಿಂಗಿನ್ಯಾಗ 'ಬ್ಯಾಂಡ್, ಡಿಜೆ ಹಾವಳಿ' ಅಂತ ಹಾಕಿದ್ರಿ. ಜಾಮ್ ಆಗೋದು ಖರೇನೇ ಅದ, ಅದಕ್ಕ ನಂದೇನು ತಕರಾರಿಲ್ಲ. ಆದ್ರ ಹತ್ತು ಹನ್ನೆರಡು ಮಂದಿ ಉಸುರು ಕಟ್ಟಿ ಊದೋ ಬ್ಯಾಂಡನ್ನ, ಪೆನ್‌ಡ್ರೈವ್ ಚುಚ್ಚಿ ಬಟನ್ ಒತ್ತೋ ಡಿಜೆ ಜೋಡಿ ಒಂದೇ ಗಂಟಿಗಿ ಕಟ್ಟಿದ್ರಲ್ಲ, ಅದು ಸರಿ ಅನಸಲಿಲ್ಲ ನೋಡ್ರಿ. ಅದ್ರ ಮ್ಯಾಲ ಇದೇ ವಾಚಕರ ಕಾಲಮ್ಮಿನ್ಯಾಗ ಒಬ್ಬರು, ಸಂಗೀತ ಕೇಳಬೇಕಂದ್ರ ರಂಗಮಂದಿರಕ್ಕ ಹೋಗ್ರಿ, ರೋಡಿನ್ಯಾಗ ಬಾರಿಸೋದು ಸಂಗೀತ ಅಲ್ಲ, ಗದ್ದಲ ಅಂತ ಬರ್ದಿದ್ರು. ನಾನು ಇದೇ ಊರಿನ ಬ್ಯಾಂಡ್ ಕಂಪನಿದಾಗ ಟ್ರಂಬೋನ್ ಅನ್ನೋ ಉದ್ದನ ಹಿತ್ತಾಳಿ ವಾದ್ಯ ಊದೋ ಮನಷ್ಯಾ. ಆ ಸಾಹೇಬರಿಗಿ ನಾ ಜವಾಬು ಕೊಡಬೇಕಂದ್ರ ನಂದು ಹೇಳಂಗಿಲ್ಲ, ಅಮೆರಿಕಾದ ಒಬ್ಬ ಟ್ರಂಬೋನ್ ವಾದಕಂದು ಹೇಳ್ತೀನಿ. ಸ್ವಲ್ಪ ಉದ್ದ ಆಗ್ತದ, ಕತ್ರಿ ಹಾಕಬ್ಯಾಡ್ರಿ.

ಅವನ ಹೆಸ್ರು ಎಡ್ವರ್ಡ್ ಓರಿ, ಜಗತ್ತಿಗಿ ಕಿಡ್ ಓರಿ. ಹುಟ್ಟಿದ್ದು 1886ರ ಡಿಸೆಂಬರ್ 25ಕ್ಕ, ಲೂಸಿಯಾನಾ ರಾಜ್ಯದ ಲಾಪ್ಲಾಸ್ ಹತ್ರ ವುಡ್‌ಲ್ಯಾಂಡ್ ಅನ್ನೋ ಕಬ್ಬಿನ ಪ್ಲಾಂಟೇಶನ್ನಿನ್ಯಾಗ. 1811ರಾಗ ಗುಲಾಮರು ಎದ್ದ ದೊಡ್ಡ ದಂಗೆ ಇದೇ ತೋಟದಿಂದನೇ ಶುರು ಆಗಿತ್ತು. ಕ್ರಿಯೋಲ್ ಮನಿತನ, ಅಂದ್ರ ಫ್ರೆಂಚ್ ಮತ್ತ ಆಫ್ರಿಕಾ ಮೂಲ ಕೂಡಿದ ಮಂದಿ, ಸುತ್ತ ಇಂಗ್ಲಿಷ್ ಇದ್ರೂ ಮನ್ಯಾಗ ಫ್ರೆಂಚ್ ಮಾತು. ನಮ್ಮ ಕಲಬುರಗಿ ಮಂದಿಗಿ ಇದು ಬಿಡಿಸಿ ಹೇಳಬೇಕಾಗಿಲ್ಲ, ನಾವೂ ಒಂದೇ ಮಾತಿನ್ಯಾಗ ಕನ್ನಡ, ಉರ್ದು, ಮರಾಠಿ ಮೂರೂ ಮುಗಿಸೋರೇ. ಈ ಹುಡುಗ ಸಿಗಾರ್ ಡಬ್ಬಿಗಿ ತಂತಿ ಕಟ್ಟಿ ಬ್ಯಾಂಜೋ ಮಾಡ್ಕೊಂಡ, ಅಂಥವೇ ಮನಿ ಸಾಮಾನಿನ ವಾದ್ಯ ಹಿಡ್ಕೊಂಡ ಹುಡುಗೂರನ್ನ ಕೂಡಿಸಿ ಬ್ಯಾಂಡ್ ಕಟ್ಟಿದ, ಮೀನು ಕರ್ದು ಮಾರೋ ಪಾರ್ಟಿ ಇಟ್ಟು ಅದ್ರಿಂದ ಬಂದ ರೊಕ್ಕದಾಗ ಖರೇ ವಾದ್ಯ ತಂದ. ಸಂಗೀತ ಶಾಲಿ ಇಲ್ಲ, ಸರ್ಟಿಫಿಕೇಟ್ ಇಲ್ಲ.

ಆಮ್ಯಾಲ ನ್ಯೂ ಆರ್ಲಿಯನ್ಸ್ ಶಹರಕ್ಕ ಬಂದ. ಅಲ್ಲಿ ಆಗ ಸಂಗೀತ ಎಲ್ಲಿತ್ತು ಅಂತೀರಿ? ರೋಡಿನ್ಯಾಗನೇ ಇತ್ತು. ಮದಿವಿ, ಮೆರವಣಿಗಿ, ಪಿಕ್ನಿಕ್, ಅಷ್ಟೇ ಯಾಕ, ಹೆಣದ ಮುಂದನೂ ಬ್ಯಾಂಡ್ ಬೇಕು, ಹೋಗೋವಾಗ ದುಃಖದ ಧಾಟಿ, ಮಣ್ಣು ಮಾಡಿ ವಾಪಸ್ ಬರೋವಾಗ ಕುಣಿಯೋ ಧಾಟಿ. ರಾತ್ರಿ ಡ್ಯಾನ್ಸ್ ಇದ್ರ ಹಗಲಿನ್ಯಾಗ ಕುದುರಿ ಗಾಡಿ ಮ್ಯಾಲ ಬ್ಯಾಂಡ್ ಕೂಡಿಸಿ ಊರೆಲ್ಲ ಅಡ್ವರ್ಟೈಸ್ ಮಾಡ್ತಿದ್ರು. ಇಲ್ಲಿ ಟ್ರಂಬೋನಿನವನ ಕಥಿ ಬರ್ತದ ನೋಡ್ರಿ.

ಟ್ರಂಬೋನಿಗಿ ಟ್ರಂಪೆಟ್ಟಿನ ಹಂಗ ಒತ್ತೋ ಗುಂಡಿ ಇರಂಗಿಲ್ಲ. ಬಲಗೈಲೆ ಸ್ಲೈಡ್ ದೂಡಬೇಕು, ಜಗ್ಗಬೇಕು. ಏಳು ಪೊಸಿಷನ್ ಅವ, ಆದ್ರ ಕೊಳವಿ ಮ್ಯಾಲ ಒಂದೂ ಗುರುತಿಲ್ಲ, ಹಾರ್ಮೋನಿಯಮ್ಮಿನ ಹಂಗ ಇಲ್ಲಿ ಒತ್ತಿದ್ರ ಸಾ ಅಲ್ಲಿ ಒತ್ತಿದ್ರ ರಿ ಅಂತ ಇರಂಗಿಲ್ಲ, ಕಿವಿ ಹೇಳಿದ ಜಾಗದಾಗ ಕೈ ನಿಲ್ಲಬೇಕು, ಒಂದು ಬೆರಳು ಆಕಡಿ ಈಕಡಿ ಆದ್ರ ಸುರ ಹೋಯ್ತು. ಏಳನೇ ಪೊಸಿಷನ್ನಿಗಿ ಕೈ ಪೂರಾ ಚಾಚ್ತದ, ಸಣ್ಣ ಗಲ್ಲಿ ಇದ್ರ ಮುಂದಿನವನ ಟೊಪ್ಪಿಗಿ ಬಡೀತದ. ಬ್ಯಾಸಗಿ ಧೂಳು ಕುಂತ್ರ ಸ್ಲೈಡ್ ಕರಕರ ಅಂತದ, ನಡುವ ನಿಂತು ಒರಸಿ, ಎಣ್ಣಿ ಹಚ್ಚಿ, ಎರಡು ಹನಿ ನೀರು ಹಾಕ್ಕೊಂಡು ಮತ್ತ ಸಾಲಿನ್ಯಾಗ ಓಡಿ ಸೇರಬೇಕು. ಇದೆಲ್ಲ ನಡ್ಕೋತ ಮಾಡೋದು, ಕುರ್ಚಿ ಮ್ಯಾಲ ಕುಂತು ಅಲ್ಲ.

ಇದೇ ಸ್ಲೈಡಿನ ಕಾಟಕ್ಕ ಆ ಗಾಡಿದಾಗ ಟ್ರಂಬೋನಿನವನನ್ನ ಹಿಂದ ತುದಿಗಿ ಕೂಡಸ್ತಿದ್ರು, ಹಿಂದಿನ ಫಳಿ ಇಳಿಸಿ, ಕೈ ಹೊರಗ ಚಾಚಲಿಕ್ಕೆ ಬರ್ಲಿ ಅಂತ. ಆ ಫಳಿಗಿ ಇಂಗ್ಲಿಷಿನ್ಯಾಗ ಟೇಲ್‌ಗೇಟ್ ಅಂತಾರ, ಅದಕ್ಕೇ ಆ ಊದೋ ಶೈಲಿಗಿ ಇವತ್ತಿಗೂ 'ಟೇಲ್‌ಗೇಟ್' ಅಂತ ಹೆಸ್ರು, ಅದ್ರ ದೊಡ್ಡ ಉಸ್ತಾದ ಓರಿನೇ. ಮುಂದ ಕಾರ್ನೆಟ್, ಅಂದ್ರ ಟ್ರಂಪೆಟ್ಟಿನಂಥ ಸಣ್ಣ ವಾದ್ಯ, ಧಾಟಿ ಹೇಳ್ತದ, ಮ್ಯಾಲ ಕ್ಲಾರಿನೆಟ್ ಹರದಾಡ್ತದ, ಧಾಟಿ ಉಸುರು ತಗೊಳ್ಳೋ ಖಾಲಿ ಜಾಗದಾಗ ಕೆಳಗಿಂದ ಟ್ರಂಬೋನ್ ಜಾರ್ಕೋತ ಬಂದು ತುಂಬ್ತದ. ಓರಿ ಊದಿದ್ದು ಕೇಳ್ರಿ, ಮುಂದ ಬಂದು ಮೆರೆಯೋ ಹಪಾಹಪಿ ಇಲ್ಲ, ಆದ್ರ ಅವನನ್ನ ತಗದ್ರ ಇಡೀ ಮ್ಯಾಳ ಪೊಳ್ಳು ಆಗ್ತದ. ನನಗ ಅವ ಸೇರೋದು ಇದಕ್ಕೇ.

ಎರಡು ಗಾಡಿ ಮೂಲಿಗಿ ಎದುರುಬದುರಾದ್ರ ಜಿದ್ದಾಜಿದ್ದಿ ನಡೀತಿತ್ತು, ಸೋತವ್ರು ಓಡಿ ಹೋಗಬಾರ್ದು ಅಂತ ಗಾಲಿಗಿ ಗಾಲಿ ಕಟ್ಟತಿದ್ರಂತ, ಯಾರು ಗೆದ್ರು ಅಂತ ಮಂದಿನೇ ಹೇಳತಿದ್ರು. ನಮ್ಮಲ್ಲಿ ಚೌಕಿನ ಕಡಿ ಎರಡು ಬರಾತ್ ಕೂಡಿದ್ರ ಏನಾಗ್ತದ ಅಂತ ಹಳಿ ಮಂದಿಗಿ ಗೊತ್ತದ, ಮದುಮಗನನ್ನ ಕುದುರಿ ಮ್ಯಾಲೇ ಬಿಟ್ಟು ಬೀಗರೆಲ್ಲ ಬ್ಯಾಂಡ್ ಸುತ್ತ ನಿಲ್ಲತಿದ್ರು. ಓರಿ ವ್ಯವಹಾರದಾಗೂ ಹುಷಾರ್ ಮನಷ್ಯಾ, ಗಾಡಿ ಬಾಡಿಗಿ ತಗೊಂಡು ಅದ್ರ ಮ್ಯಾಲ ತನ್ನ ಹೆಸ್ರು, ವಿಳಾಸ, ಫೋನ್ ನಂಬರ್ ಬರ್ಸಿ ಊರೆಲ್ಲ ತಿರುಗಿಸಿದ. ನಮ್ಮ ಬ್ಯಾಂಡ್ ಗಾಡಿ ಮ್ಯಾಲ ನಂಬರ್ ನೋಡಿ ನಗೋರು ಇದನ್ನ ಓದಬೇಕು.

ಆ ರೋಡಿನ ಬ್ಯಾಂಡಿನ್ಯಾಗ ಯಾರ್ಯಾರಿದ್ರು ಗೊತ್ತದೇನ್ರಿ? ಕಾರ್ನೆಟ್ಟಿಗಿ ಜೋ ಆಲಿವರ್, ಮುಂದ 'ಕಿಂಗ್' ಆಲಿವರ್ ಅನಿಸ್ಕೊಂಡವ. ಅವ ಶಿಕಾಗೋಕ್ಕ ಹೋದ ಮ್ಯಾಲ ಅವನ ಜಾಗಕ್ಕ ಓರಿ ಒಬ್ಬ ಬಡವರ ಹುಡುಗನನ್ನ ತಂದು ನಿಂದ್ರಿಸಿದ, ಪುಂಡ ಹುಡುಗೂರನ್ನ ಇಡೋ ಹಾಸ್ಟೆಲ್ಲಿನ್ಯಾಗ ಕಾರ್ನೆಟ್ ಕಲತಿದ್ದವ. ಆ ಹುಡುಗನೇ ಮುಂದ ಈ ರೋಡಿನ ಬ್ಯಾಂಡಿನಿಂದ ಬೆಳೆದ ಜಾಝ್ ಸಂಗೀತದ ದೊಡ್ಡ ಹೆಸ್ರಾದ ಲೂಯಿ ಆರ್ಮ್‌ಸ್ಟ್ರಾಂಗ್. 1919ರಾಗ ಓರಿ ಕ್ಯಾಲಿಫೋರ್ನಿಯಾಕ್ಕ ಹೋಗಿ ಲಾಸ್ ಏಂಜಲೀಸಿನ್ಯಾಗ ಹೊಸಾದಾಗಿ ಬ್ಯಾಂಡ್ ಕಟ್ಟಿದ, ಅಲ್ಲಿ 1922ರಾಗ ರೆಕಾರ್ಡ್ ಮಾಡಿದ. ನ್ಯೂ ಆರ್ಲಿಯನ್ಸಿನ ಕಪ್ಪು ವಾದಕರ ಜಾಝ್ ಬ್ಯಾಂಡ್ ಮಾಡಿದ ಮೊದಲನೇ ರೆಕಾರ್ಡ್ ಅದೇ ಅಂತ ಎಣಸ್ತಾರ. 1925ರಾಗ ಶಿಕಾಗೋಕ್ಕ ಹೋಗಿ ಆರ್ಮ್‌ಸ್ಟ್ರಾಂಗ್ ಕಟ್ಟಿದ 'ಹಾಟ್ ಫೈವ್' ಮ್ಯಾಳದಾಗ ಕೂತ, ಒಂದು ಕಾಲಕ್ಕ ತಾನೇ ಕೆಲಸ ಕೊಟ್ಟ ಹುಡುಗನ ಕೈಕೆಳಗ ಊದಲಿಕ್ಕೆ ಅವನಿಗಿ ಸಣ್ಣತನ ಅನಸಲಿಲ್ಲ. 1926ರಾಗ ಇದೇ ಮ್ಯಾಳ ರೆಕಾರ್ಡ್ ಮಾಡಿದ 'ಮಸ್ಕ್ರಾಟ್ ರ‍್ಯಾಂಬಲ್' ಓರಿ ಹೆಸರಿನ್ಯಾಗ ಅದ, ಹಳಿ ಶೈಲಿ ಜಾಝ್ ಬಾರಿಸೋರು ಇವತ್ತಿಗೂ ಅದನ್ನ ಬಿಟ್ಟಿಲ್ಲ.

ಮುಂದಿಂದು ನಮ್ಮ ಮಂದಿಗಿ ಭಾಳ ಹತ್ರದ ಕಥಿ. ಅಮೆರಿಕಾದಾಗ ಆರ್ಥಿಕ ಕುಸಿತ ಬಂತು, ಡ್ಯಾನ್ಸ್ ಹಾಲ್ ಖಾಲಿ ಆದ್ವು, ಮಂದಿ ಬಾಯಿಗಿ ಹೊಸ ರುಚಿ ಹತ್ತಿತ್ತು, ಹಳಿ ಶೈಲಿ ಕೇಳೋರಿಲ್ಲ. ಓರಿ 1933ರ ಸುಮಾರಿಗಿ ಟ್ರಂಬೋನ್ ಕೆಳಗಿಟ್ಟ, ಒಡಹುಟ್ಟಿದವನ ಜೋಡಿ ಕೋಳಿ ಫಾರ್ಮ್ ನಡೆಸಿದ, ರೈಲ್ವೆದಾಗೂ ದುಡಿದ. ಆರ್ಮ್‌ಸ್ಟ್ರಾಂಗ್‌ಗ ಮೊದಲು ನೌಕರಿ ಕೊಟ್ಟವರಾಗಿನ ಒಬ್ಬ ಮನಷ್ಯಾ ಕೋಳಿಗಿ ಕಾಳು ಹಾಕ್ಕೋತ ಇದ್ದ! ನಮ್ಮಲ್ಲಿ ಆಷಾಢ ಬಂತಂದ್ರ ಲಗ್ನ ಬಂದ್, ಮೊಹರಮ್ ತಿಂಗಳದಾಗೂ ಸುಪಾರಿ, ಅಂದ್ರ ಬ್ಯಾಂಡಿನ ಬುಕಿಂಗ್, ಇರಂಗಿಲ್ಲ. ಅವಾಗ ನಮ್ಮ ಕ್ಲಾರಿನೆಟ್ಟಿನವ ಆಟೋ ಹೊಡೀತಾನ, ಸೈಡ್ ಡ್ರಮ್ಮಿನವ ಶಹಾಬಾದ್ ಕಡಿ ಫರಸಿ ಕಲ್ಲಿನ ಖಣಿಗಿ ಹೋಗ್ತಾನ, ಕಲ್ಲು ಎತ್ತಿ ಎತ್ತಿ ಬೆರಳು ಬಾತ ಮ್ಯಾಲ ಶ್ರಾವಣದಾಗ ಬಂದು ಕೋಲು ಹಿಡಿದ್ರ ಮೊದಲಿನ ಎರಡು ಲಗ್ನ ಅವನಿಗಿ ಹೈರಾಣ.

ಓರಿ ತಿರುಗಿ ಬಂದ. 1942ರಾಗ ಬಾರ್ನಿ ಬಿಗಾರ್ಡ್ ಅನ್ನೋ ಕ್ಲಾರಿನೆಟ್ ವಾದಕನ ಜೋಡಿ ಮತ್ತ ಊದಲಿಕ್ಕೆ ಶುರು ಮಾಡಿದ, 1944ರಾಗ ಸಿನೆಮಾದ ಓರ್ಸನ್ ವೆಲ್ಸ್ ನಡೆಸ್ತಿದ್ದ ರೇಡಿಯೋ ಕಾರ್ಯಕ್ರಮಕ್ಕ ಹಳಿ ನ್ಯೂ ಆರ್ಲಿಯನ್ಸ್ ವಾದಕರ ಮ್ಯಾಳ ಕಟ್ಟಿದ್ರು, ಅದ್ರಾಗ ಇವನೂ ಬಂದ. ಒಂದು ವಾರ ಕಾರ್ಯಕ್ರಮದ ದಿನಾನೇ ಅವ್ರ ಕ್ಲಾರಿನೆಟ್ಟಿನ ಜಿಮ್ಮಿ ನೂನ್ ತೀರ್ಕೊಂಡ, ಅವತ್ತು ಸಂಜಿನೇ ಉಳಿದವ್ರು ಅವನ ಸಲುವಾಗಿ ಬ್ಲೂಸ್ ಅನ್ನೋ ದುಃಖದ ಧಾಟಿ ಒಂದು ಊದಿದ್ರು. ರೇಡಿಯೋದಾಗ ಕೇಳಿದ ಮ್ಯಾಲ ಮಂದಿಗಿ ಹಳಿ ಬ್ಯಾಂಡಿನ ಹುಚ್ಚು ಮತ್ತ ಹತ್ತಿತು. ಓರಿದು ಆಗ ಐವತ್ತೇಳು ವಯಸ್ಸು. ಅಲ್ಲಿಂದ ಮುಂದ ಹೊಸಾ ರೆಕಾರ್ಡ್, ಯೂರೋಪ್ ಪ್ರವಾಸ, ಸ್ಯಾನ್ ಫ್ರಾನ್ಸಿಸ್ಕೋದಾಗ ಸ್ವಂತ ಕ್ಲಬ್, ಕಡೀಗಿ ಹವಾಯಿ. 1973ರ ಜನವರಿದಾಗ ಹೊನಲುಲುದಾಗ ಕಣ್ಣು ಮುಚ್ಚಿದ. ಅವ ಹುಟ್ಟಿದ ತೋಟದ ದೊಡ್ಡ ಮನಿ ಇನ್ನೂ ನಿಂತದ, 2024ರಾಗ ಗುಲಾಮರ ವಂಶದವ್ರೇ ಕಟ್ಟಿದ ಒಂದು ಸಂಸ್ಥೆ ಅದನ್ನ ಖರೀದಿ ಮಾಡ್ಯಾದ.

ಸಂಪಾದಕರೇ, ಆ ರೇಡಿಯೋದವ್ರು ಕೋಳಿ ಫಾರ್ಮಿನವನನ್ನ ಹುಡಿಕಿ ಮೈಕ್ ಮುಂದ ನಿಂದ್ರಿಸಿದ್ರು. ನಾವು ಕೇಳೋದು ಅದ್ರ ಕಾಲು ಭಾಗ. ಡಿಜೆ ಹುಡುಗೂರ ಮ್ಯಾಲ ನನಗ ಸಿಟ್ಟಿಲ್ಲ, ಅವ್ರದೂ ಹೊಟ್ಟಿಪಾಡು. ನಮ್ಮಲ್ಲೂ ಕೆಲವ್ರು ಗಾಡಿ ಮ್ಯಾಲ ಕ್ಯಾಸಿಯೋ ಕೀಬೋರ್ಡ್ ಇಟ್ಟು ದೊಡ್ಡ ಸ್ಪೀಕರ್ ಹಚ್ಚಿ ಡಿಜೆಗಿಂತ ಜೋರ್ ಮಾಡ್ತಾರ, ಆಸ್ಪತ್ರಿ ಮುಂದನೂ ನಿಲ್ಲಸಂಗಿಲ್ಲ, ಅವ್ರಿಗಿ ದಂಡ ಹಾಕ್ರಿ ಅಂತ ನಾನೇ ಅಂತೀನಿ. ಆದ್ರ ಜಾತ್ರಿ, ಜಯಂತಿ, ಉರುಸು ಎಲ್ಲದಕ್ಕೂ ಮೆರವಣಿಗಿ ಮುಂದ ನಾವು ಬೇಕು, ಮೆರವಣಿಗಿ ಸ್ಟೇಜಿಗಿ ಮುಟ್ಟಿದ ಕೂಡಲೇ ಹಿಂದಿನ ಗೇಟಿನಿಂದ ಹೋಗ್ರಿ ಅಂತಾರ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಾಗ ಊರಿನ ಬ್ಯಾಂಡ್ ಕಂಪನಿಗಳಿಗಿ ಸ್ಟೇಜ್ ಮ್ಯಾಲ ಅರ್ಧ ತಾಸು ಕೊಡ್ರಿ ಅಂತ ಸಂಬಂಧಪಟ್ಟವ್ರಿಗಿ ನಿಮ್ಮ ಪೇಪರಿನಿಂದ ಒಂದು ಮಾತು ಹೋಗಬೇಕು.

ಇನ್ನೊಂದು. ಪ್ರತಿ ವರ್ಷ ಮೆರವಣಿಗಿ ಫೋಟೊ ಹಾಕ್ತೀರಿ, ಅದ್ರಾಗ ಮುಂದ ನಿಂತ ಪುಢಾರಿಗಳ ಹೆಸ್ರೆಲ್ಲ ಇರ್ತಾವ, ಊದೋರ ಹೆಸ್ರು ಒಂದೂ ಇರಂಗಿಲ್ಲ. ಎಡದಿಂದ ಬಲಕ್ಕ ಅಂತ ನಮ್ಮದೂ ಒಂದು ಸಾಲು ಹಾಕ್ರಿ. ನಿಮ್ಮ ವರದಿಗಾರರನ್ನ ಆಷಾಢದಾಗ ಕಳಸಿದ್ರ ಚಲೋ ಆಗ್ತದ, ಅವಾಗ ನಮಗ ಪುರಸೊತ್ತು ಇರ್ತದ, ಸಂಜಿಮುಂದ ದುಕಾನದಾಗ ಪ್ರಾಕ್ಟೀಸ್ ನಡೀತಿರ್ತದ. ಲಗ್ನದ ಸೀಜನ್ನಿನ್ಯಾಗ ಬಂದ್ರ ಮಾತಾಡಲಿಕ್ಕೆ ಯಾರೂ ಸಿಗಂಗಿಲ್ಲ.

ಇಂತಿ,
ಒಬ್ಬ ಟ್ರಂಬೋನ್ ವಾದಕ, ಕಲಬುರಗಿ